ಅರೆನೆರಳಿನಲ್ಲಿ ಸೌರ ಪ್ಯಾನೆಲು: ಕೊಡಲಿ ಎತ್ತುವ ಮೊದಲು ತಿಳಿಯಬೇಕಾದದ್ದು

ನೆರಳು ನಮ್ಮ ಬೆಳೆಗಾರರಿಗೆ ಹೊಸ ವಿಷಯವಲ್ಲ. ಕಾಫಿ ಗಿಡಕ್ಕೆ ಎಷ್ಟು ನೆರಳು ಬೇಕು, ಮಳೆಗಾಲಕ್ಕೆ ಮುಂಚೆ ಎಷ್ಟು ತೆಳುಮಾಡಬೇಕು, ಹಾಲುವಾಣದ ಯಾವ ರೆಂಬೆ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ನಮ್ಮ ಹಿರಿಯರು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ನೆರಳನ್ನು ಸಾಕಿ ಬೆಳೆಸಿದ ಇಂಥ ತೋಟಗಳಿಗೆ ಈಗ ನೆರಳನ್ನು ಒಂದಿಷ್ಟೂ ಸಹಿಸದ ವಸ್ತುವೊಂದು ಬಂದಿದೆ. ಅದೇ ಸೌರ ಪ್ಯಾನೆಲು. 2019ರಲ್ಲಿ ಕೇಂದ್ರ ಸರ್ಕಾರದ ಪಿ.ಎಂ. ಕುಸುಮ್ ಯೋಜನೆ ಆರಂಭವಾದ ಮೇಲೆ ಸೌರ ಪಂಪಿನ ಮಾತು ಹಳ್ಳಿಹಳ್ಳಿಯಲ್ಲೂ ಕೇಳಿಬಂತು. 2024ರಲ್ಲಿ ಸೂರ್ಯಘರ್ ಯೋಜನೆ ಬಂದ ಮೇಲೆ ಮನೆಯ ಮಾಡಿನ ಮೇಲೂ ಪ್ಯಾನೆಲು ಕೂಡಿಸುವವರು ಹೆಚ್ಚಾದರು. ಬಯಲುಸೀಮೆಯಲ್ಲಿ ಚೆನ್ನಾಗಿ ಕೆಲಸ ಮಾಡುವ ಅದೇ ಸಾಮಾನು ನಮ್ಮ ಮಲೆನಾಡಿನಲ್ಲಿ ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆಯನ್ನು ಹಲವು ಸದಸ್ಯರು ಕೇಳಿದ್ದಾರೆ. ಈ ಪಾಠ ಅವರಿಗಾಗಿ.

ಮೊದಲು ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಹೋದ ಬೇಸಿಗೆಯಲ್ಲಿ, ರೊಬಸ್ಟಾಕ್ಕೆ ಹೂವಿನ ನೀರು ಕೊಡುವ ಸಮಯದಲ್ಲಿ, ಸದಸ್ಯರೊಬ್ಬರ ಕರೆಯ ಮೇರೆಗೆ ಅವರ ತೋಟಕ್ಕೆ ಹೋಗಿದ್ದೆವು. ಮೂರು ಎಚ್.ಪಿ. ಪಂಪು, ಹತ್ತು ಪ್ಯಾನೆಲು. ಮಧ್ಯಾಹ್ನ ಮೂರೂವರೆಗೆ ಬಿಸಿಲು ಇನ್ನೂ ಸುಡುತ್ತಿತ್ತು, ಆದರೆ ಪೈಪಿನಲ್ಲಿ ನೀರು ನಿಂತಿತ್ತು. ಪಶ್ಚಿಮದಲ್ಲಿದ್ದ ಎರಡು ಸಿಲ್ವರ್ ಓಕ್ ಮರಗಳ ನೆರಳು ಕೊನೆಯ ಎರಡು ಪ್ಯಾನೆಲುಗಳ ಮೇಲೆ ಬಂದಿತ್ತು, ಅಷ್ಟೆ. ಎರಡೂ ಮರಗಳಿಗೆ ತುದಿಯವರೆಗೆ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು. "ನಾಳೆ ಮರ ಕಡಿಯುವವರು ಬರುತ್ತಾರೆ, ಬೇರೆ ದಾರಿ ಕಾಣೆ" ಎಂದರು ಅವರು. ಒಂದು ವಾರ ತಡೆಯಿರೆಂದು ನಾವು ಕೇಳಿಕೊಂಡೆವು. ಆ ಒಂದು ವಾರದಲ್ಲಿ ಏನು ಮಾಡಿದೆವು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಅದು ಅರ್ಥವಾಗಬೇಕಾದರೆ ಪ್ಯಾನೆಲಿನ ಒಳಗುಟ್ಟು ಸ್ವಲ್ಪ ತಿಳಿದಿರಬೇಕು.

ಪ್ಯಾನೆಲಿನ ಒಳಗೆ ಏನಿದೆ?

ಪ್ಯಾನೆಲನ್ನು ಹತ್ತಿರದಿಂದ ನೋಡಿದರೆ ಚೌಕ ಬಿಲ್ಲೆಗಳು ಸಾಲಾಗಿ ಕಾಣುತ್ತವೆ. ಒಂದೊಂದು ಬಿಲ್ಲೆಯೂ ಒಂದು ಸೆಲ್. ಒಂದು ಸೆಲ್ಲಿನಿಂದ ಸಿಗುವುದು ಸುಮಾರು ಅರ್ಧ ವೋಲ್ಟ್ ಮಾತ್ರ. ಆದುದರಿಂದ 60 ಅಥವಾ 72 ಸೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ ವೋಲ್ಟೇಜು ಏರಿಸುತ್ತಾರೆ. ಇದಕ್ಕೆ ಸರಣಿ ಜೋಡಣೆ ಎಂದು ಹೆಸರು. ಆಮೇಲೆ ಹತ್ತು ಪ್ಯಾನೆಲುಗಳನ್ನು ಅದೇ ರೀತಿ ಸರಣಿಯಲ್ಲಿ ಜೋಡಿಸಿ ಪಂಪಿಗೆ ಬೇಕಾದ ವೋಲ್ಟೇಜನ್ನು ಪಡೆಯುತ್ತಾರೆ.

ಇದನ್ನು ತಿಳಿಯಲು ನಮ್ಮ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪನ್ನೇ ನೆನೆದುಕೊಳ್ಳಿ. ಅದರಲ್ಲಿ ಹತ್ತು ಹನ್ನೆರಡು ಸ್ಟೇಜುಗಳು ಒಂದರ ಮೇಲೊಂದು ಇರುತ್ತವೆ. ಪ್ರತಿ ಸ್ಟೇಜೂ ನೀರನ್ನು ಇಷ್ಟಿಷ್ಟು ಎತ್ತರಕ್ಕೆ ಏರಿಸಿ ಮೇಲಿನ ಸ್ಟೇಜಿಗೆ ಒಪ್ಪಿಸುತ್ತದೆ. ಎತ್ತರ ಕೂಡುತ್ತಾ ಹೋಗುತ್ತದೆ, ಆದರೆ ಎಲ್ಲ ಸ್ಟೇಜಿನ ಮೂಲಕ ಹಾಯುವ ನೀರು ಒಂದೇ. ನಡುವಿನ ಒಂದು ಸ್ಟೇಜಿನಲ್ಲಿ ಕಸ ಸಿಕ್ಕಿಕೊಂಡರೆ ಉಳಿದ ಹನ್ನೊಂದು ಚೆನ್ನಾಗಿದ್ದರೂ ನೀರು ಕಡಿಮೆಯೇ. ಸೌರ ಸರಣಿಯಲ್ಲಿಯೂ ಹೀಗೆಯೇ. ವೋಲ್ಟೇಜು ಎಂದರೆ ಎತ್ತರ, ಆಂಪಿಯರ್ ಎಂದರೆ ನೀರಿನ ಪ್ರಮಾಣ. ಸೆಲ್ ಕೊಡುವ ಆಂಪಿಯರ್ ಅದರ ಮೇಲೆ ಬೀಳುವ ಬೆಳಕನ್ನು ಹೊಂದಿಕೊಂಡಿದೆ. ಬೆಳಕು ಅರ್ಧವಾದರೆ ಆಂಪಿಯರೂ ಅರ್ಧ. ಒಂದು ಸೆಲ್ಲಿನ ಮೇಲೆ ನೆರಳು ಬಿದ್ದರೆ ಅದು ಇಡೀ ಸಾಲಿಗೆ ಕಟ್ಟೆ ಕಟ್ಟಿದಂತೆ.

ಅಷ್ಟೇ ಅಲ್ಲ. ಬಿಸಿಲಿನಲ್ಲಿರುವ ಸೆಲ್‌ಗಳು ತಮ್ಮ ಪ್ರವಾಹವನ್ನು ನೆರಳಿನ ಸೆಲ್ಲಿನ ಮೂಲಕ ಬಲವಂತವಾಗಿ ನುಗ್ಗಿಸಲು ನೋಡುತ್ತವೆ. ಆಗ ಆ ಸೆಲ್ಲು ವಿದ್ಯುತ್ತನ್ನು ಕೊಡುವುದರ ಬದಲು ನುಂಗಿ ಬಿಸಿಯಾಗುತ್ತದೆ. ಬಿಸಿ ಹೆಚ್ಚಾದರೆ ಆ ಜಾಗ ಕಂದು ಬಣ್ಣಕ್ಕೆ ತಿರುಗುವುದುಂಟು, ಗಾಜು ಸಿಡಿಯುವುದೂ ಉಂಟು. ಇದನ್ನು ತಪ್ಪಿಸಲು ಪ್ಯಾನೆಲಿನ ಹಿಂದಿನ ಡಬ್ಬಿಯಲ್ಲಿ ಬೈಪಾಸ್ ಡಯೋಡುಗಳನ್ನು ಇಟ್ಟಿರುತ್ತಾರೆ. ಡಯೋಡು ಎಂದರೆ ಒಂದೇ ದಿಕ್ಕಿಗೆ ಬಿಡುವ ಬಾಗಿಲು. ನಮ್ಮ ಪೈಪಿನ ನಾನ್‌ರಿಟರ್ನ್ ವಾಲ್ವಿನ ಹಾಗೆ. ಸಾಮಾನ್ಯ ಪ್ಯಾನೆಲಿನಲ್ಲಿ ಇಂಥವು ಮೂರು. 60 ಸೆಲ್ಲಿನದಾದರೆ ಒಂದೊಂದು ಡಯೋಡು 20 ಸೆಲ್‌ಗಳ ಒಂದು ಭಾಗವನ್ನು ಕಾಯುತ್ತದೆ. ಆ ಭಾಗದಲ್ಲಿ ನೆರಳು ಬಿದ್ದು ಪ್ರವಾಹಕ್ಕೆ ತಡೆಯಾದರೆ ಡಯೋಡು ತೆರೆದುಕೊಂಡು ಪ್ರವಾಹವನ್ನು ಪಕ್ಕದಿಂದ ಸಾಗಿಸುತ್ತದೆ. ಕಸ ಸಿಕ್ಕಿದ ಸ್ಟೇಜಿಗೆ ಸುತ್ತುಪೈಪು ಹಾಕಿದಂತೆ: ಆ ಸ್ಟೇಜಿನ ಎತ್ತರ ಹೋಯಿತು, ಆದರೆ ನೀರು ನಿಲ್ಲಲಿಲ್ಲ.

ಇಲ್ಲಿ ಮನಸ್ಸಿನಲ್ಲಿಡಬೇಕಾದ ಮಾತು ಒಂದಿದೆ. ಒಂದೇ ಒಂದು ಸೆಲ್ ಮುಚ್ಚಿದರೂ ಪ್ಯಾನೆಲಿನ ಮೂರನೆಯ ಒಂದು ಭಾಗ ಹೋಯಿತು. ಅಂಟಿಕೊಂಡ ಒಂದು ಹಲಸಿನ ಎಲೆ ಸಾಕು.

ಎಂಥ ನೆರಳು, ಯಾವ ದಿಕ್ಕಿನ ನೆರಳು

ಎಲ್ಲ ನೆರಳೂ ಒಂದೇ ಅಲ್ಲ. ಯಾವುದೇ ವಸ್ತು ತನ್ನ ಅಗಲದ ಸುಮಾರು ನೂರು ಪಟ್ಟು ದೂರದವರೆಗೆ ಗಾಢ ನೆರಳನ್ನು ಬೀಳಿಸುತ್ತದೆ; ಅದರಾಚೆ ನೆರಳು ಮಸುಕಾಗುತ್ತಾ ಹೋಗುತ್ತದೆ. ಸೂರ್ಯ ಒಂದು ಚುಕ್ಕೆಯಲ್ಲ, ಅಗಲವಾದ ಬಿಂಬ, ಆದುದರಿಂದ ಹೀಗೆ. ಅರ್ಧ ಸೆಂಟಿಮೀಟರ್ ದಪ್ಪದ ತಂತಿ ಅರ್ಧ ಮೀಟರ್ ಆಚೆಗೆ ಹೆಚ್ಚು ಕೆಡಿಸದು. ಆದರೆ ಅಡಿಕೆ ಮರದ ಕಾಂಡ ಸುಮಾರು 15 ಸೆಂಟಿಮೀಟರ್ ಅಗಲ. ಅದರ ನೆರಳು 15 ಮೀಟರ್, ಅಂದರೆ 50 ಅಡಿ ದೂರಕ್ಕೂ ಗಾಢವಾಗಿಯೇ ಬೀಳುತ್ತದೆ. ಸೆಲ್ಲಿನ ಅಗಲವೂ ಸುಮಾರು ಅಷ್ಟೇ ಎಂಬುದು ನಮ್ಮ ದುರದೃಷ್ಟ. ಒಂಟಿ ಅಡಿಕೆ ಮರದ ಕಾಂಡದ ನೆರಳು ಸಪುರವಾಗಿದೆ ಎಂದು ಅಲಕ್ಷ್ಯ ಮಾಡುವಂತಿಲ್ಲ.

ಇನ್ನು ನೆರಳು ಪ್ಯಾನೆಲಿಗೆ ಅಡ್ಡವಾಗಿ ಬಿತ್ತೋ ಉದ್ದವಾಗಿ ಬಿತ್ತೋ ಎಂಬುದೂ ಮುಖ್ಯ. ಹಳೆಯ ಮಾದರಿಯ ಪ್ಯಾನೆಲಿನಲ್ಲಿ ಮೂರು ಭಾಗಗಳು ಉದ್ದಕ್ಕೆ ಪಟ್ಟಿಗಳಂತೆ ಇರುತ್ತವೆ. ಪ್ಯಾನೆಲನ್ನು ನಿಲುವಾಗಿ ಕೂಡಿಸಿ, ಕೆಳ ಅಂಚಿನಲ್ಲಿ ಹುಲ್ಲು ಬೆಳೆದು ಅದರ ನೆರಳು ಅಡ್ಡವಾಗಿ ಬಿದ್ದರೆ ಮೂರು ಪಟ್ಟಿಗಳಿಗೂ ಪೆಟ್ಟು. ಗೇಣಗಲ ನೆರಳಿಗೆ ಇಡೀ ಪ್ಯಾನೆಲು ನಷ್ಟ. ಅದನ್ನೇ ಅಡ್ಡವಾಗಿ ಮಲಗಿಸಿ ಕೂಡಿಸಿದ್ದರೆ ಕೆಳಗಿನ ಒಂದು ಪಟ್ಟಿ ಮಾತ್ರ ಹೋಗಿ ಎರಡು ಉಳಿಯುತ್ತಿದ್ದವು. ಆದುದರಿಂದ ಕೆಳಗಿನಿಂದ ನೆರಳು ಬರುವ ಜಾಗದಲ್ಲಿ, ಉದಾಹರಣೆಗೆ ತಾರಸಿಯ ಕೈಪಿಡಿ ಗೋಡೆಯ ಹಿಂದೆ ಅಥವಾ ಒಂದರ ಹಿಂದೆ ಒಂದು ಸಾಲು ಇರುವಲ್ಲಿ, ಹಳೆಯ ಮಾದರಿಯ ಪ್ಯಾನೆಲನ್ನು ಅಡ್ಡವಾಗಿ ಕೂಡಿಸುವುದು ಲೇಸು. ಪಕ್ಕದ ಕಂಬದ ನೆರಳು ಉದ್ದಕ್ಕೆ ಬೀಳುವಲ್ಲಿ ನಿಲುವಾಗಿ ಇರಲಿ.

ಈಚೆಗೆ ಬರುವ, ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಪ್ಯಾನೆಲುಗಳಲ್ಲಿ 120 ಅಥವಾ 144 ತುಂಡುಗಳಿರುತ್ತವೆ. ಇವುಗಳಲ್ಲಿ ಮೇಲರ್ಧ, ಕೆಳಗಿನರ್ಧ ಬೇರೆ ಬೇರೆಯಾಗಿ ದುಡಿಯುತ್ತವೆ. ನಿಲುವಾಗಿ ಕೂಡಿಸಿದಾಗ ಕೆಳ ಅಂಚಿಗೆ ನೆರಳು ಬಂದರೂ ಮೇಲರ್ಧದ ಶಕ್ತಿ ಸಿಗುತ್ತದೆ. ನೆರಳಿನ ತೊಂದರೆ ಇರುವ ಸದಸ್ಯರು ಕೊಳ್ಳುವಾಗ ಈ ಮಾದರಿಯನ್ನೇ ಕೇಳುವುದು ಒಳ್ಳೆಯದು.

ನೆರಳನ್ನು ಅಳೆಯುವ ಕ್ರಮ

ಸಾಮಾನು ಕೊಳ್ಳುವ ಮೊದಲೇ ನೆರಳನ್ನು ಅಳೆಯತಕ್ಕದ್ದು. ನಮ್ಮ ಮಲೆನಾಡು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಆದುದರಿಂದ ಬಿಸಿಲಿನ ಮುಖ್ಯ ಆರು ಗಂಟೆಗಳೆಂದರೆ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ.

ಪ್ಯಾನೆಲಿನ ಮಟ್ಟಕ್ಕಿಂತ ಮರ ಎಷ್ಟು ಎತ್ತರವಿದೆಯೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕು. ಸಿಲ್ವರ್ ಓಕ್ 50 ಅಡಿ, ಪ್ಯಾನೆಲು ನೆಲದಿಂದ 10 ಅಡಿ ಮೇಲಿದ್ದರೆ ಲೆಕ್ಕಕ್ಕೆ ಬರುವುದು 40 ಅಡಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿಗೆ ನೆರಳಿನ ಉದ್ದ ಈ ಎತ್ತರದ ಮುಕ್ಕಾಲು ಪಾಲು, ಅಂದರೆ 30 ಅಡಿ. ಅದು ಉತ್ತರಕ್ಕೆ ಬೀಳುತ್ತದೆ. ಅದೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಒಂದೂವರೆ ಪಟ್ಟು, ಅಂದರೆ 60 ಅಡಿ, ವಾಯವ್ಯ ದಿಕ್ಕಿಗೆ. ಮಧ್ಯಾಹ್ನ ಮೂರೂವರೆಗೆ ಅಷ್ಟೇ ಉದ್ದ, ಈಶಾನ್ಯಕ್ಕೆ. ಫೆಬ್ರುವರಿ ಮಧ್ಯದಲ್ಲಿ ನಡುಹಗಲಿನ ನೆರಳು ಎತ್ತರದ ಅರ್ಧಕ್ಕೆ ಇಳಿಯುತ್ತದೆ. ಮಾರ್ಚ್ 21ರ ಸುಮಾರಿಗೆ ಕಾಲು ಭಾಗಕ್ಕಿಂತಲೂ ಕಡಿಮೆ. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಎತ್ತರದಷ್ಟೇ ಉದ್ದದ ನೆರಳು ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಈ ಲೆಕ್ಕವೆಲ್ಲ ಸಮತಟ್ಟು ನೆಲಕ್ಕೆ. ಉತ್ತರಕ್ಕೆ ಇಳಿಜಾರಿದ್ದರೆ ನೆರಳು ಇನ್ನೂ ಉದ್ದ, ದಕ್ಷಿಣಕ್ಕೆ ಇಳಿಜಾರಿದ್ದರೆ ಗಿಡ್ಡ.

ಈ ಲೆಕ್ಕದಿಂದ ಹೊರಡುವ ನೀತಿ ಇಷ್ಟು: ನಮಗೆ ನೀರು ಹೆಚ್ಚು ಬೇಕಾದ ಫೆಬ್ರುವರಿ, ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ತೊಂದರೆ ಕೊಡುವುದು ದಕ್ಷಿಣದ ಮರಕ್ಕಿಂತ ಪೂರ್ವ ಪಶ್ಚಿಮದ ಮರಗಳು. ಲೆಕ್ಕ ಬೇಡವೆನ್ನುವವರು ಇನ್ನೂ ಸುಲಭದ ಕ್ರಮ ಅನುಸರಿಸಬಹುದು. ಡಿಸೆಂಬರಿನಲ್ಲಿ ಒಂದು ದಿನ, ಫೆಬ್ರುವರಿಯಲ್ಲಿ ಇನ್ನೊಂದು ದಿನ, ಒಂಬತ್ತರಿಂದ ನಾಲ್ಕರವರೆಗೆ ಗಂಟೆಗೊಮ್ಮೆ ನೆರಳಿನ ಅಂಚಿಗೆ ಗೂಟ ಹೊಡೆದು ಸುಣ್ಣದ ಪುಡಿಯಿಂದ ಗೆರೆ ಎಳೆಯಿರಿ. ಯಾವ ಗೆರೆಯೂ ಮುಟ್ಟದ ಜಾಗವೇ ಪ್ಯಾನೆಲಿನ ಜಾಗ.

ಅಂಥ ಜಾಗ ಹೆಚ್ಚಿನ ತೋಟಗಳಲ್ಲಿ ಈಗಾಗಲೇ ಇದೆ. ಕಾಫಿ ಒಣಗಿಸಲು ಹಿರಿಯರು ಕಣ ಮಾಡಿದ, ಅಡಿಕೆ ಹರಡಲು ಅಂಗಳ ಮಾಡಿದ ಜಾಗ ಅದು. ಕಣದ ಉತ್ತರದ ಅಂಚಿನಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, 12ರಿಂದ 15 ಡಿಗ್ರಿ ಓರೆಯಾಗಿ ಪ್ಯಾನೆಲು ಕೂಡಿಸಿದರೆ ಕಾಫಿ ಒಣಗುವ ತಿಂಗಳುಗಳಲ್ಲಿ ಅದರ ನೆರಳು ಕಣದ ಹೊರಗೆ ಬೀಳುತ್ತದೆ. "ಬಾವಿ ದೂರ, ಕೇಬಲಿನಲ್ಲಿ ಶಕ್ತಿ ನಷ್ಟವಾಗುವುದಿಲ್ಲವೇ?" ಎಂದು ಕೇಳುವವರುಂಟು. 300 ವೋಲ್ಟ್, 10 ಆಂಪಿಯರಿನ ಸಾಲಿಗೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲು ಹಾಕಿ 100 ಮೀಟರ್ ದೂರ ಒಯ್ದರೆ ಆಗುವ ನಷ್ಟ ಸುಮಾರು ಶೇಕಡಾ 3 ಮಾತ್ರ. ಹತ್ತಿರದ ನೆರಳಿಗಿಂತ ದೂರದ ಬಿಸಿಲು ಮೇಲು. ಆದರೆ 12 ವೋಲ್ಟಿನ ಮನೆದೀಪದ ಪ್ಯಾನೆಲಿಗೆ ಈ ಮಾತು ಅನ್ವಯಿಸದು. ಅಲ್ಲಿ ಕೇಬಲು ಗಿಡ್ಡವೇ ಇರಬೇಕು.

ಅಡಿಕೆ ಮರದ ಬುಡದಲ್ಲಂತೂ ಪ್ಯಾನೆಲು ಕೂಡಿಸಲೇಬಾರದು. ನೆರಳಿನ ಮಾತು ಹಾಗಿರಲಿ, ಮೇಲಿನಿಂದ ಕಳಚಿ ಬೀಳುವ ಹಾಳೆ ಸೋಗೆಯ ಪೆಟ್ಟೇ ಗಾಜಿಗೆ ಅಪಾಯ.

ಎರಡು ಶಿಖರಗಳ ಲೆಕ್ಕ

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಶಕ್ತಿ ಎಂದರೆ ವೋಲ್ಟ್ ಗುಣಿಸು ಆಂಪಿಯರ್. ಪ್ಯಾನೆಲಿನಿಂದ ಹೆಚ್ಚು ಆಂಪಿಯರ್ ಎಳೆದರೆ ವೋಲ್ಟೇಜು ಕುಸಿಯುತ್ತದೆ, ಕಡಿಮೆ ಎಳೆದರೆ ಶಕ್ತಿ ಸಾಲದು. ನಡುವೆ ಒಂದು ಕಡೆ ಗುಣಲಬ್ಧ ಅತಿ ಹೆಚ್ಚಾಗಿರುತ್ತದೆ. ಆ ಶಿಖರವನ್ನು ಕ್ಷಣಕ್ಷಣಕ್ಕೂ ಹುಡುಕಿ ಹಿಡಿಯುವ ಸಾಧನಕ್ಕೆ ಎಂ.ಪಿ.ಪಿ.ಟಿ. ಎನ್ನುತ್ತಾರೆ. ಸೌರ ಪಂಪಿನ ಕಂಟ್ರೋಲರಿನಲ್ಲೂ ಮಾಡಿನ ಇನ್ವರ್ಟರಿನಲ್ಲೂ ಇದು ಇರುತ್ತದೆ. ಇದರ ಸಾಮಾನ್ಯ ಕ್ರಮ ಕುರುಡ ಗುಡ್ಡ ಹತ್ತಿದಂತೆ: ಒಂದು ಹೆಜ್ಜೆ ಇಡುವುದು, ಏರಿತೋ ಇಳಿಯಿತೋ ನೋಡುವುದು, ಏರಿದರೆ ಮುಂದೆ, ಇಳಿದರೆ ಹಿಂದೆ. ಗುಡ್ಡ ಒಂದೇ ಇದ್ದರೆ ಈ ಕ್ರಮ ಸಾಕು.

ಆದರೆ ಅರೆನೆರಳು ಬಿದ್ದಾಗ ಗುಡ್ಡ ಎರಡಾಗುತ್ತವೆ. ಲೆಕ್ಕ ನೋಡಿ. ಹತ್ತು ಪ್ಯಾನೆಲು, ಒಂದೊಂದೂ 30 ವೋಲ್ಟ್, 10 ಆಂಪಿಯರ್. ಪೂರ್ಣ ಬಿಸಿಲಿನಲ್ಲಿ 300 ವೋಲ್ಟ್, 10 ಆಂಪಿಯರ್, ಒಟ್ಟು 3,000 ವಾಟ್. ಒಂದು ಪ್ಯಾನೆಲಿಗೆ ಅರ್ಧ ನೆರಳು ಬಂತೆನ್ನಿ. ಅದು ಕೊಡಬಲ್ಲದ್ದು 5 ಆಂಪಿಯರ್ ಮಾತ್ರ. ಈಗ ಎರಡು ದಾರಿಗಳಿವೆ.

ಮೊದಲ ದಾರಿ: 10 ಆಂಪಿಯರನ್ನೇ ಎಳೆಯುವುದು. ನೆರಳಿನ ಪ್ಯಾನೆಲಿನ ಡಯೋಡುಗಳು ತೆರೆದು ಅದು ಬದಿಗೆ ಸರಿಯುತ್ತದೆ. ಉಳಿದ ಒಂಬತ್ತರಿಂದ 270 ವೋಲ್ಟ್, ಡಯೋಡುಗಳಿಗೆ ಹೋಗುವ ಒಂದೂವರೆ ಎರಡು ವೋಲ್ಟ್ ಕಳೆದರೆ ಸುಮಾರು 268. ಶಕ್ತಿ 2,680 ವಾಟ್.

ಎರಡನೆಯ ದಾರಿ: ಎಲ್ಲರೂ ನೆರಳಿನ ಪ್ಯಾನೆಲಿನ ನಡಿಗೆಗೆ ನಡೆಯುವುದು, ಅಂದರೆ 5 ಆಂಪಿಯರ್. ಕಡಿಮೆ ಎಳೆದುದರಿಂದ ಬಿಸಿಲಿನ ಪ್ಯಾನೆಲುಗಳ ವೋಲ್ಟೇಜು 34ರ ಸುಮಾರಿಗೆ ಏರುತ್ತದೆ. ಒಟ್ಟು 336 ವೋಲ್ಟ್. ಶಕ್ತಿ 1,680 ವಾಟ್.

ಮೊದಲ ಗುಡ್ಡದಲ್ಲಿ ಕಳೆದುಕೊಂಡದ್ದು ಹತ್ತರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಎರಡನೆಯ ಗುಡ್ಡದಲ್ಲಿ ಹತ್ತಿರ ಹತ್ತಿರ ಅರ್ಧ. ಕುರುಡ ಸಾಧನ ಹೆಚ್ಚು ವೋಲ್ಟೇಜಿನ ಬದಿಯ ಚಿಕ್ಕ ಗುಡ್ಡವನ್ನು ಹತ್ತಿ, ಇದೇ ಶಿಖರವೆಂದು ಅಲ್ಲೇ ಕುಳಿತುಬಿಡುವುದುಂಟು. ಒಂದು ಪ್ಯಾನೆಲಿನ ನೆರಳು ಇಡೀ ಸಾಲನ್ನು ಮಲಗಿಸಿತು ಎಂದು ನಾವು ಮರವನ್ನು ಬೈಯುತ್ತೇವೆ. ತಪ್ಪು ಅರ್ಧ ಭಾಗ ಸಾಧನದ್ದು.

ಹಾಗೆಂದು ಮೊದಲ ದಾರಿಯೇ ಯಾವಾಗಲೂ ಸರಿ ಎಂದಲ್ಲ. ಐದು ಪ್ಯಾನೆಲುಗಳಿಗೆ ಅರ್ಧ ನೆರಳು ಬಂದರೆ ಮೊದಲ ದಾರಿಯಲ್ಲಿ ಸಿಗುವುದು ಸುಮಾರು 1,425 ವಾಟ್, ಎರಡನೆಯದರಲ್ಲಿ 1,600. ಆದುದರಿಂದ ನಡುನಡುವೆ ತಳದಿಂದ ತುದಿಯವರೆಗೆ ಎಲ್ಲ ಗುಡ್ಡಗಳನ್ನೂ ನೋಡಿ ದೊಡ್ಡದನ್ನು ಆರಿಸುವ ಸಾಧನವೇ ನಮಗೆ ಬೇಕು. ಹಲವು ಇನ್ವರ್ಟರುಗಳಲ್ಲಿ ನೆರಳು ಶೋಧನೆ ಎಂಬ ಅರ್ಥದ ಈ ಸೌಲಭ್ಯ ಇರುತ್ತದೆ, ಆದರೆ ಅದನ್ನು ತೆರೆದಿರುವುದಿಲ್ಲ. ಕೊಳ್ಳುವಾಗ "ನೆರಳಿನಲ್ಲಿ ಎಲ್ಲ ಶಿಖರ ಹುಡುಕುವ ಎಂ.ಪಿ.ಪಿ.ಟಿ. ಇದೆಯೇ? ತೆರೆದು ಕೊಡುತ್ತೀರಾ?" ಎಂದು ಕೇಳಿ ಬರೆಸಿಕೊಳ್ಳಿ.

ಅರ್ಧ ಶಕ್ತಿ ಸಿಕ್ಕರೆ ಅರ್ಧ ನೀರಾದರೂ ಬರುತ್ತದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಶಕ್ತಿ ಅರ್ಧವಾದರೆ ಪಂಪಿನ ವೇಗ ಸುಮಾರು ಶೇಕಡಾ 80ಕ್ಕೆ ಇಳಿಯುತ್ತದೆ, ಅದು ನೀರನ್ನು ಏರಿಸಬಲ್ಲ ಎತ್ತರ ಸುಮಾರು ಶೇಕಡಾ 63ಕ್ಕೆ ಇಳಿಯುತ್ತದೆ. ಕೆರೆಯಿಂದ ಗುಡ್ಡದ ತಲೆಗೆ ನೀರು ಏರಿಸುವವರಿಗೆ ಈ ಎತ್ತರ ಸಾಲದೆ ಹೋದರೆ ಪಂಪು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಒಂದು ಹನಿಯೂ ಬರುವುದಿಲ್ಲ. ಹೂವಿನ ನೀರಿನ ವಾರದಲ್ಲಿ ಹೀಗಾದರೆ ಆಗುವ ನಷ್ಟವನ್ನು ನಾವು ವಿವರಿಸಬೇಕಾಗಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ನಿಮ್ಮ ಸಾಧನ ಕುರುಡೋ ಅಲ್ಲವೋ ಎಂದು ತಿಳಿಯಲು ನರ್ಸರಿಗೆ ಹಾಕುವ ಶೇಕಡಾ 50ರ ನೆರಳು ಬಲೆ ಸಾಕು. ಮೋಡವಿಲ್ಲದ ದಿನ ಹನ್ನೆರಡೂವರೆಗೆ ಕಂಟ್ರೋಲರಿನಲ್ಲಿ ಕಾಣುವ ವಾಟ್ ಬರೆದುಕೊಳ್ಳಿ. 3,000 ಎಂದು ಬರೆದಿದ್ದರೂ ಕಾದ ಪ್ಯಾನೆಲು ಅಷ್ಟು ಕೊಡದು; ಬಿಸಿ ಒಂದೊಂದು ಡಿಗ್ರಿ ಏರಿದಂತೆ ಶಕ್ತಿ ಸುಮಾರು ಶೇಕಡಾ 0.4ರಂತೆ ಇಳಿಯುತ್ತದೆ. ಅದು ದೋಷವಲ್ಲ. ಆಮೇಲೆ ನೆಲದ ಮೇಲೆ ನಿಂತು, ಒಣ ಬಿದಿರ ಕೋಲಿನಿಂದ, ಒಂದೇ ಪ್ಯಾನೆಲು ಪೂರ್ತಿ ಮುಚ್ಚುವಂತೆ ಬಲೆಯನ್ನು ಹರಡಿ. ಹತ್ತು ನಿಮಿಷ ಬಿಟ್ಟು ನೋಡಿ. ವಾಟ್ ಹತ್ತನೆಯ ಒಂದು ಭಾಗದಷ್ಟು ಇಳಿದಿದ್ದರೆ ಸಾಧನಕ್ಕೆ ಕಣ್ಣಿದೆ. ಅರ್ಧದ ಹತ್ತಿರಕ್ಕೆ ಇಳಿದು ಅಲ್ಲೇ ನಿಂತಿದ್ದರೆ ಮಾರಿದವರನ್ನು ಕರೆಸಿ ಇದನ್ನು ತೋರಿಸಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಹತ್ತು ಪ್ಯಾನೆಲಿನ ಸಾಲಿನಲ್ಲಿ 300ರಿಂದ 400 ವೋಲ್ಟ್ ಇರುತ್ತದೆ. ಬಿಸಿಲು ಇರುವವರೆಗೆ ಅದನ್ನು ಆರಿಸಲು ಬರುವುದಿಲ್ಲ. ಪಂಪು ಓಡುತ್ತಿರುವಾಗ ಪ್ಯಾನೆಲಿನ ಪ್ಲಗ್ ಎಳೆದರೆ ಕಿಡಿ ಎದ್ದು ಕೈ ಸುಡುತ್ತದೆ. ಜೋಡಣೆ ಬದಲಿಸುವುದು ತಿಳಿದ ಮೆಕ್ಯಾನಿಕ್ಕಿನ ಕೆಲಸ.

ಜೋಡಣೆಯಲ್ಲಿ ನೆನಪಿಡಬೇಕಾದ ಅಂಶಗಳು

ಒಂದೇ ಹೊತ್ತಿನಲ್ಲಿ ನೆರಳಿಗೆ ಬರುವ ಪ್ಯಾನೆಲುಗಳನ್ನು ಒಂದು ಸಾಲಿಗೆ ಸೇರಿಸಬೇಕು. ಮನೆಯ ಮಾಡಿನಲ್ಲಿ ಪೂರ್ವದ ಇಳಿಜಾರಿಗೆ ಒಂದು ಸಾಲು, ಪಶ್ಚಿಮದ್ದಕ್ಕೆ ಇನ್ನೊಂದು. ಇನ್ವರ್ಟರಿನಲ್ಲಿ ಎರಡು ಎಂ.ಪಿ.ಪಿ.ಟಿ. ಇದ್ದರೆ ಒಂದೊಂದು ಸಾಲಿಗೆ ಒಂದೊಂದು. ಎರಡನ್ನೂ ಬೆರೆಸಿ ಒಂದೇ ಸರಣಿ ಮಾಡಿದರೆ ಬೆಳಿಗ್ಗೆ ಪಶ್ಚಿಮದ್ದು, ಸಂಜೆ ಪೂರ್ವದ್ದು ಕಾಲು ಹಿಡಿದೆಳೆಯುತ್ತದೆ.

ಎರಡು ಸಾಲುಗಳನ್ನು ಸಮಾಂತರವಾಗಿ ಸೇರಿಸುವುದಾದರೆ ಎರಡರಲ್ಲೂ ಪ್ಯಾನೆಲಿನ ಸಂಖ್ಯೆ ಒಂದೇ ಇರಬೇಕು. ಸಮಾಂತರ ಜೋಡಣೆಯಲ್ಲಿ ವೋಲ್ಟೇಜು ಸಮನಾಗಿರಬೇಕಾದುದರಿಂದ, ಒಂದು ಸಾಲಿನಲ್ಲಿ ಡಯೋಡು ತೆರೆದು ವೋಲ್ಟೇಜು ಕುಸಿದರೆ ಅದು ಇನ್ನೊಂದನ್ನು ಕೂಡಲಾರದು.

ಪಂಪಿನ ಕಂಟ್ರೋಲರಿಗೆ ಕನಿಷ್ಠ ವೋಲ್ಟೇಜು ಎಂದು ಒಂದಿದೆ, ಗರಿಷ್ಠ ಎಂದೂ ಒಂದಿದೆ. ನೆರಳಿನಿಂದ ಎರಡು ಮೂರು ಪ್ಯಾನೆಲು ಬದಿಗೆ ಸರಿದರೂ ಕನಿಷ್ಠಕ್ಕಿಂತ ಕೆಳಗಿಳಿಯದಂತೆ ಒಂದೆರಡು ಹೆಚ್ಚಿನ ಪ್ಯಾನೆಲು ಸೇರಿಸಬಹುದು. ಆದರೆ ಚಳಿಗಾಲದ ಮುಂಜಾನೆ ತಣ್ಣನೆಯ ಪ್ಯಾನೆಲಿನ ವೋಲ್ಟೇಜು ಅತಿ ಹೆಚ್ಚಿರುತ್ತದೆ; ಅದು ಗರಿಷ್ಠ ಮಿತಿಯನ್ನು ದಾಟಬಾರದು.

ಪ್ರತಿ ಪ್ಯಾನೆಲಿಗೂ ಬೇರೆ ಬೇರೆ ಶಿಖರ ಹುಡುಕುವ ಚಿಕ್ಕ ಸಾಧನಗಳೂ ಬಂದಿವೆ. ಮನೆಯ ಮಾಡಿಗೆ ಅವು ಉಪಯುಕ್ತ, ಆದರೆ ಬೆಲೆ ಹೆಚ್ಚು. ಪಂಪಿನ ಕಂಟ್ರೋಲರಿಗೆ ಹೊಂದುತ್ತವೆಯೇ ಎಂದು ವಿಚಾರಿಸದೆ ಕೊಳ್ಳಬಾರದು.

ಮನೆದೀಪದ ಚಿಕ್ಕ ಪ್ಯಾನೆಲಿನ ವಿಷಯ ಬೇರೆ. ಅದರಲ್ಲಿ 36 ಸೆಲ್, 18 ವೋಲ್ಟ್, ಸಾಮಾನ್ಯವಾಗಿ ಎರಡು ಡಯೋಡು. ಅರ್ಧಕ್ಕೆ ನೆರಳು ಬಂದರೆ ಉಳಿಯುವುದು 9 ವೋಲ್ಟ್. 12 ವೋಲ್ಟಿನ ಬ್ಯಾಟರಿಗೆ 9 ವೋಲ್ಟಿನಿಂದ ಒಂದಿಷ್ಟೂ ಚಾರ್ಜು ಹೋಗದು. ಆದುದರಿಂದ ಇದು ಪೂರ್ಣ ಬಿಸಿಲಿನಲ್ಲೇ ಇರಬೇಕು. ಅದಾಗದಿದ್ದರೆ ಎರಡು ಪ್ಯಾನೆಲುಗಳನ್ನು ಸರಣಿಯಲ್ಲಿ ಜೋಡಿಸಿ ಎಂ.ಪಿ.ಪಿ.ಟಿ. ಚಾರ್ಜರ್ ಹಾಕಬೇಕು, ಆಗ ಒಂದರ ಅರ್ಧ ಹೋದರೂ 27 ವೋಲ್ಟ್ ಉಳಿದು ಬ್ಯಾಟರಿ ತುಂಬುತ್ತದೆ. ಅಗ್ಗದ ಪಿ.ಡಬ್ಲ್ಯು.ಎಂ. ಚಾರ್ಜರು ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಇಳಿಸಿಬಿಡುವುದರಿಂದ, 100 ವಾಟಿನ ಪ್ಯಾನೆಲು ಪೂರ್ಣ ಬಿಸಿಲಿನಲ್ಲೂ 70 ವಾಟಿನ ಸುಮಾರಿಗೆ ನಿಲ್ಲುತ್ತದೆ.

ಮರ ಕಡಿಯಬೇಕೇ?

ಹತ್ತರಲ್ಲಿ ಎರಡು ಪ್ಯಾನೆಲಿಗೆ ಬೆಳಿಗ್ಗೆ ಒಂದು ಗಂಟೆ ನೆರಳು ಬರುತ್ತದೆನ್ನಿ. ಆ ಹೊತ್ತಿಗೆ ಸಿಗುವ ಶಕ್ತಿ ಸುಮಾರು 2,000 ವಾಟ್. ಅದರ ಐದನೆಯ ಒಂದು ಭಾಗ, ಅಂದರೆ 400 ವಾಟ್, ಒಂದು ಗಂಟೆ ಹೋಯಿತು. ಬೇಸಿಗೆಯ ಇಡೀ ದಿನದಲ್ಲಿ ಮೂರು ಕಿಲೋವಾಟಿನ ಸಾಲು ಕೊಡುವುದು 12ರಿಂದ 15 ಯೂನಿಟ್. ನಷ್ಟ ಅರ್ಧ ಯೂನಿಟ್ಟಿಗೂ ಕಡಿಮೆ, ನೂರಕ್ಕೆ ಮೂರು. ಇಷ್ಟಕ್ಕಾಗಿ ಮೆಣಸು ಹಬ್ಬಿದ, ಕಾಫಿಗೆ ನೆರಳು ಕೊಡುವ, ಬೆಳೆಯಲು ಇಪ್ಪತ್ತು ಮೂವತ್ತು ವರ್ಷ ಹಿಡಿದ ಮರವನ್ನು ಕಡಿಯುವುದು ಲೆಕ್ಕಕ್ಕೆ ಕೂಡದು. ಮರಗಸಿಯ ಸಮಯದಲ್ಲಿ ಆ ಬದಿಯ ರೆಂಬೆಗಳನ್ನು ಸ್ವಲ್ಪ ಹೆಚ್ಚು ಸವರಿಸಿದರೆ ಸಾಕು. ನಡುಹಗಲಿನ ಎರಡು ಮೂರು ಗಂಟೆ ಅರ್ಧ ಸಾಲಿಗೆ ನೆರಳು ಬರುವಂತಿದ್ದರೆ ಮಾತು ಬೇರೆ. ಆಗಲೂ ಮೊದಲು ಯೋಚಿಸಬೇಕಾದದ್ದು ಪ್ಯಾನೆಲಿನ ಜಾಗ ಬದಲಿಸುವುದನ್ನು.

ಕೊನೆಯದಾಗಿ ಶುಚಿತ್ವ. ಕಣದ ಧೂಳು, ಹಕ್ಕಿಯ ಹಿಕ್ಕೆ, ಮಳೆಗಾಲದಲ್ಲಿ ಕೆಳ ಅಂಚಿಗೆ ಕಟ್ಟುವ ಪಾಚಿ ಇವೂ ನೆರಳೇ. ತಿಂಗಳಿಗೆ ಎರಡು ಸಲವಾದರೂ, ಗಾಜು ಕಾಯುವ ಮುಂಚೆ, ಬೆಳಿಗ್ಗೆ ಬೇಗ, ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಎರಚಬಾರದು, ಪ್ಯಾನೆಲಿನ ಮೇಲೆ ಕಾಲಿಡಬಾರದು.

ಇನ್ನು ಮೊದಲು ಹೇಳಿದ ಸದಸ್ಯರ ತೋಟದ ಮಾತು. ಆ ವಾರದಲ್ಲಿ ಬಲೆಯ ಪರೀಕ್ಷೆ ಮಾಡಿಸಿದೆವು. ಸಾಧನ ಚಿಕ್ಕ ಗುಡ್ಡದ ಮೇಲೆ ಕುಳಿತಿದ್ದುದು ಗೊತ್ತಾಯಿತು. ನೆರಳು ಶೋಧನೆ ಅದರಲ್ಲಿ ಇತ್ತು, ಯಾರೂ ತೆರೆದಿರಲಿಲ್ಲ. ಮೆಕ್ಯಾನಿಕ್ ಬಂದು ತೆರೆದ. ಪಶ್ಚಿಮದ ಎರಡು ಪ್ಯಾನೆಲುಗಳನ್ನು ಪೂರ್ವದ ಕೊನೆಗೆ ಸರಿಸಿ ಕೂಡಿಸಿದ. ಮರುದಿನ ನಾಲ್ಕೂವರೆಯವರೆಗೆ ನೀರು ಬಂತು. ಮರ ಕಡಿಯುವವರಿಗೆ ಬರಬೇಡಿರೆಂದು ಹೇಳಿ ಕಳಿಸಿದರು. ಆ ಎರಡು ಮರಗಳ ಮೆಣಸನ್ನು ಈ ವರ್ಷವೂ ಕೊಯ್ದಿದ್ದಾರೆ.

ಆದುದರಿಂದ ಸದಸ್ಯರಲ್ಲಿ ನಮ್ಮ ಮನವಿ ಇಷ್ಟು. ಮೊದಲು ನೆರಳನ್ನು ಅಳೆಯಿರಿ. ಎರಡನೆಯದು, ಜಾಗವನ್ನು ಆರಿಸಿ. ಮೂರನೆಯದು, ಜೋಡಣೆಯನ್ನು ಸರಿಪಡಿಸಿ. ನಾಲ್ಕನೆಯದು, ಸಾಧನವನ್ನು ಪರೀಕ್ಷಿಸಿ. ಇವು ನಾಲ್ಕೂ ಸೋತ ಮೇಲೆ, ಐದನೆಯದಾಗಿ, ಕೊಡಲಿಯ ಮಾತು.